ರಿಪೋರ್ಟಿನಲ್ಲೇ ಇರುವ ಉತ್ತರ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಚಿಗರಿ ಬಸ್ಸು ವಿದ್ಯಾನಗರದ ಕಿಮ್ಸ್ ದಾಟಿ, ಉಣಕಲ್ಲ ಕೆರೆಯ ಮಗ್ಗುಲಲ್ಲಿ ಸಾಗಿ ಬೈರಿದೇವರಕೊಪ್ಪಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ನವನಗರ, ಅಲ್ಲೊಂದು ಕ್ಯಾನ್ಸರ್ ಆಸ್ಪತ್ರೆ. ಇನ್ನೂ ಮುಂದೆ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು, ಧಾರವಾಡ ಮುಟ್ಟಿದರೆ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಒಂದೇ ರಸ್ತೆಯ ಮೇಲೆ ಇಷ್ಟು ದೊಡ್ಡ ಆಸ್ಪತ್ರೆಗಳು ಸಾಲುಗಟ್ಟಿರುವ ಊರು ಉತ್ತರ ಕರ್ನಾಟಕದಲ್ಲಿ ಬೇರೆ ಸಿಗುವುದು ಕಷ್ಟ. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಶುರುವಾದ ಕಿಮ್ಸ್‌ಗೆ (ಈಚೆಗೆ ಹೆಸರು ಮತ್ತೆ ಬದಲಾಗಿದೆ, ಜನ ಮಾತ್ರ ಕಿಮ್ಸ್ ಅನ್ನುವುದು ಬಿಟ್ಟಿಲ್ಲ) ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಕಾರವಾರದ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಆದರೂ ಲಿವರ್ ಕಾಯಿಲೆಯವರಲ್ಲಿ ಬಹಳ ಮಂದಿ ವೈದ್ಯರೆದುರು ಮೊದಲ ಸಲ ಕೂರುವುದು ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ, ಇಲ್ಲವೇ ರಕ್ತ ವಾಂತಿಯಾದ ಮೇಲೆ. ಅಷ್ಟರಲ್ಲಿ ಕಾಯಿಲೆಗೆ ಹತ್ತು-ಹದಿನೈದು ವರ್ಷ ತುಂಬಿರುತ್ತದೆ.

ತಪ್ಪು ರೋಗಿಯದಷ್ಟೇ ಅಲ್ಲ, ಅಂಗದ ಸ್ವಭಾವವೂ ಹಾಗೆಯೇ. ಲಿವರ್ ಒಳಗೆ ನೋವಿನ ನರಗಳಿಲ್ಲ, ಅದರ ಹೊದಿಕೆಗೆ ಮಾತ್ರ ಇವೆ. ಅರ್ಧಕ್ಕಿಂತ ಹೆಚ್ಚು ಭಾಗ ಕೆಟ್ಟರೂ ಉಳಿದದ್ದು ಕೆಲಸ ತೂಗಿಸಿಕೊಂಡು ಹೋಗುತ್ತದೆ. ಹೀಗಾಗಿ ದೇಹ ಎಚ್ಚರಿಕೆ ಕೊಡುವುದೇ ತಡವಾಗಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಹರ್ಷದ್ ದೇವರಭಾವಿ ಮೊದಲ ಲೇಖಕರಾಗಿ 2023ರಲ್ಲಿ ಹೊರಬಂದ ಜಾಗತಿಕ ಸಮೀಕ್ಷೆಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 20 ಲಕ್ಷ ಜನ ಲಿವರ್ ಕಾಯಿಲೆಯಿಂದ ಸಾಯುತ್ತಾರೆ; 25 ಸಾವುಗಳಲ್ಲಿ ಒಂದು. ಇದೇ ಹೊತ್ತಿಗೆ ಈ ಅಂಗದ ಮೇಲೆ ನಡೆದ ಸಂಶೋಧನೆ ಎರಡು ನೊಬೆಲ್ ತಂದಿದೆ, ಒಂದು ವೈರಸ್ಸನ್ನು ಮಾತ್ರೆಯಿಂದ ಪೂರ್ತಿ ತೊಳೆಯುವ ಮಟ್ಟ ಮುಟ್ಟಿದೆ. ಈ ಎರಡರ ನಡುವಿನ ಅಂತರವೇ ಈ ಲೇಖನದ ವಿಷಯ. ಔಷಧದ ಶೋಧ ಓಡುತ್ತಿದೆ. ಯಾರಿಗೆ ಕಾಯಿಲೆ ಇದೆ ಎಂದು ಹುಡುಕುವ ಕೆಲಸ ಕುಂಟುತ್ತಿದೆ. ಹುಡುಕುವ ಉಪಾಯ ನಮ್ಮಲ್ಲಿಲ್ಲ ಎಂದು ಮಾತ್ರ ಹೇಳುವಂತಿಲ್ಲ.

ನಮ್ಮ ಕಡೆಯ ಮಟ್ಟಿಗೆ ಅತಿ ದೊಡ್ಡ ಗೆಲುವು ಅಡುಗೆಮನೆಯಲ್ಲಿ ಸಿಕ್ಕಿತು, ಅದನ್ನು ಈಗ ಯಾರೂ ನೆನೆಯುವುದಿಲ್ಲ. ಒಂದರಿಂದ ಮೂರು ವರ್ಷದ ಮಕ್ಕಳಿಗೆ ಬರುತ್ತಿದ್ದ ಒಂದು ಲಿವರ್ ಕಾಯಿಲೆ ಇತ್ತು. ಮಗು ಕಿರಿಕಿರಿ ಮಾಡತೊಡಗುತ್ತದೆ, ಊಟ ಬಿಡುತ್ತದೆ, ಹೊಟ್ಟೆ ಉಬ್ಬುತ್ತದೆ, ಮುಟ್ಟಿದರೆ ಬಲಪಕ್ಕೆಯ ಕೆಳಗೆ ಲಿವರ್ ಕಲ್ಲಿನ ಹಾಗೆ ಗಟ್ಟಿ. ಕೆಲವೇ ತಿಂಗಳಲ್ಲಿ ಸಾವು. 1887ರಲ್ಲಿ ಕೋಲ್ಕತ್ತದಲ್ಲಿ ಮೊದಲು ದಾಖಲಾದ ಇದಕ್ಕೆ ‘ಭಾರತೀಯ ಮಕ್ಕಳ ಸಿರೋಸಿಸ್’ ಎಂದೇ ಹೆಸರು ಬಿತ್ತು. ಒಂದೇ ಮನೆಯಲ್ಲಿ ಎರಡು-ಮೂರು ಮಕ್ಕಳು ಹೋಗುತ್ತಿದ್ದುದರಿಂದ ವಂಶದ ದೋಷ ಅಂದರು, ಎಮ್ಮೆ ಹಾಲಿನ ಕೊಬ್ಬು ಅಂದರು, ತಾಯಿಯ ಹಾಲು ಕೆಟ್ಟಿದೆ ಅಂದವರೂ ಇದ್ದರು. ಉಳ್ಳವರ, ಮಡಿವಂತರ ಮನೆಗಳಲ್ಲೇ ಹೆಚ್ಚು ಕಾಣುತ್ತಿತ್ತು ಎಂಬುದು ಎಲ್ಲರನ್ನೂ ಗೊಂದಲಕ್ಕೆ ಕೆಡವಿತ್ತು.

ಪುಣೆಯ ಕೆಇಎಂ ಆಸ್ಪತ್ರೆಯ ಪಂಡಿತ್ ಮತ್ತು ಭಾವೆ, ಬ್ರಿಟನ್ನಿನ ಟ್ಯಾನರ್ ಜೊತೆ ಸೇರಿ 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಗಂಟು ಬಿಚ್ಚಿತು. ಸತ್ತ ಮಕ್ಕಳ ಲಿವರಿನಲ್ಲಿ ತಾಮ್ರ ಇರಬೇಕಾದ್ದಕ್ಕಿಂತ ಹತ್ತಾರು ಪಟ್ಟು ಇರುವುದು ಅಷ್ಟರಲ್ಲಾಗಲೇ ಗೊತ್ತಿತ್ತು. ಅದು ಎಲ್ಲಿಂದ ಬಂತು ಎಂದು ಮನೆಮನೆ ವಿಚಾರಿಸಿದಾಗ, ಕಾಯಿಲೆ ಬಿದ್ದ ಮಕ್ಕಳಿಗೆ ಬಹಳ ಎಳೆಯ ವಯಸ್ಸಿನಲ್ಲೇ ಮೇಲುಹಾಲು ಶುರುವಾಗಿತ್ತು, ಆ ಹಾಲನ್ನು ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿ ಇಡುತ್ತಿದ್ದರು ಎಂಬುದು ಕಂಡಿತು. ಹಾಲಿನ ಕೇಸಿನ್ ಎಂಬ ಪ್ರೋಟೀನು ತಾಮ್ರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಿತ್ತಾಳೆ ಪಾತ್ರೆಯ ಸಾಲು ಅಡುಗೆಮನೆಗೆ ಶೋಭೆ ಎಂದುಕೊಂಡ ಮನೆಗಳಲ್ಲೇ ಕಾಯಿಲೆ ಯಾಕೆ ಹೆಚ್ಚು ಎಂಬುದಕ್ಕೂ ಉತ್ತರ ಸಿಕ್ಕಿತು. ತಾಮ್ರವನ್ನು ಮೂತ್ರದಲ್ಲಿ ಹೊರಹಾಕುವ ಪೆನಿಸಿಲಮೈನ್ ಮಾತ್ರೆಯನ್ನು ಬೇಗ ಕೊಟ್ಟರೆ ಕೆಲವು ಮಕ್ಕಳು ಬದುಕುತ್ತಾರೆ ಎಂದೂ ಅವರು ತೋರಿಸಿದರು. ಆದರೆ ಕಾಯಿಲೆಯನ್ನು ಅಳಿಸಿದ್ದು ಮಾತ್ರೆಗಿಂತ ಸ್ಟೀಲ್ ಪಾತ್ರೆ. 1990ರ ದಶಕ ಮುಗಿಯುವಷ್ಟರಲ್ಲಿ ಮಕ್ಕಳ ವಾರ್ಡುಗಳಲ್ಲಿ ಇದು ಅಪರೂಪವಾಗಿತ್ತು. ಕಲಾಯಿಯವರ ಕೂಗು ಓಣಿಗಳಲ್ಲಿ ನಿಂತದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಈಗ ತಾಮ್ರದ ಬಾಟಲಿ ಮತ್ತೆ ಫ್ಯಾಶನ್ನಿಗೆ ಬಂದಿದೆ. ದೊಡ್ಡವರು ಅದರಲ್ಲಿ ನೀರು ಕುಡಿದರೆ ಕುಡಿಯಲಿ, ಕೂಸಿನ ಹಾಲನ್ನು ಮಾತ್ರ ಅದರ ಹತ್ತಿರ ತರಬಾರದು.

ತಾಮ್ರದ ಇನ್ನೊಂದು ಕಥೆ ಮುಗಿದಿಲ್ಲ. ವಿಲ್ಸನ್ ಕಾಯಿಲೆಯಲ್ಲಿ ಪಾತ್ರೆಯದೇನೂ ತಪ್ಪಿಲ್ಲ. ತಾಮ್ರವನ್ನು ಪಿತ್ತರಸಕ್ಕೆ ಸಾಗಹಾಕುವ ಜೀನ್ ಕೆಟ್ಟಿರುತ್ತದೆ. ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಯಿಲೆ. ಮಕ್ಕಳಲ್ಲಿ ಮೊದಲು ಲಿವರ್ ಕೆಡುತ್ತದೆ, ಹರೆಯದಲ್ಲಿ ಕೈ ನಡುಗುವುದು, ಮಾತು ತೊದಲುವುದು, ಓದಿನಲ್ಲಿ ಹಿಂದೆ ಬೀಳುವುದು. ಬೆಂಗಳೂರಿನ ನಿಮ್ಹಾನ್ಸ್ ಮೂರು ದಶಕಗಳಲ್ಲಿ ನೋಡಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿತು. ಜಗತ್ತಿನ ದೊಡ್ಡ ದಾಖಲೆಗಳಲ್ಲಿ ಅದೊಂದು. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ಮದುವೆ ಮಾಡುವ ನಮ್ಮ ಸೀಮೆಗೆ ಇದು ದೂರದ ಸುದ್ದಿಯಲ್ಲ. 1980ರ ದಶಕದಲ್ಲಿ ಕರ್ನಾಟಕದ ನವಜಾತ ಶಿಶುಗಳ ತಪಾಸಣೆಯ ಜೊತೆ ನಡೆದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗದ ಮದುವೆಗಳು ರಕ್ತಸಂಬಂಧದೊಳಗೇ ಆಗಿದ್ದವು. ಮನೆಯಲ್ಲಿ ಒಬ್ಬ ಮಗನಿಗೆ ವಿಲ್ಸನ್ ಎಂದು ಗೊತ್ತಾದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ಅದು ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕಣ್ಣಿನ ಪರೀಕ್ಷೆ, ರಕ್ತದ ಸೆರುಲೊಪ್ಲಾಸ್ಮಿನ್, 24 ಗಂಟೆಯ ಮೂತ್ರದ ತಾಮ್ರ ನೋಡಿ, ಲಕ್ಷಣ ಕಾಣುವ ಮೊದಲೇ ಮಾತ್ರೆ ಶುರುಮಾಡಿದರೆ ಆ ತಂಗಿ ಅಥವಾ ತಮ್ಮ ಎಲ್ಲರಂತೆ ಬಾಳಬಹುದು. ದುಬಾರಿ ಯಂತ್ರದ ಕೆಲಸ ಇದರಲ್ಲಿಲ್ಲ. ಮೊದಲ ಮಗುವನ್ನು ನೋಡಿದ ವೈದ್ಯರು ‘ಉಳಿದವರನ್ನೂ ಕರಕೊಂಡು ಬರ್ರಿ’ ಅನ್ನಬೇಕು, ಮನೆಯವರು ಕರೆತರಬೇಕು.

ಇನ್ನು ನೀರು. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಬರುವುದು ಮುಖ್ಯವಾಗಿ ಸವದತ್ತಿಯ ಮಲಪ್ರಭಾ ಜಲಾಶಯದಿಂದ. ಬಹುಪಾಲು ಓಣಿಗಳಲ್ಲಿ ನಲ್ಲಿ ಬರುವುದು ನಾಲ್ಕೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡ. ಪೈಪಿನಲ್ಲಿ ನೀರಿಲ್ಲದ ದಿನಗಳಲ್ಲಿ ಒತ್ತಡ ಇಳಿದು, ಸೀಳಿದ ಜಾಗದಿಂದ ಚರಂಡಿಯ ಹೊಲಸು ಒಳಗೆ ಸೇರಿಕೊಳ್ಳುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ವೈರಸ್ಸುಗಳಿಗೆ ಇದೇ ರಾಜಮಾರ್ಗ. 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ಪ್ರಯೋಗವೆಂದು ಹಗಲುರಾತ್ರಿ ನೀರು ಕೊಡತೊಡಗಿದಾಗ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ತಂಡವೊಂದು ನಮ್ಮ ಊರನ್ನೇ ಆರಿಸಿಕೊಂಡು ಎರಡು ಬಗೆಯ ವಾರ್ಡುಗಳನ್ನು ಹೋಲಿಸಿ ನೋಡಿತು. ಐದು ವರ್ಷದೊಳಗಿನ ಮಕ್ಕಳಿರುವ ಸುಮಾರು 3,900 ಮನೆಗಳ ಈ ಅಧ್ಯಯನ 2015ರಲ್ಲಿ ಪ್ಲಾಸ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಫಲಿತಾಂಶ ಕೈಚಪ್ಪಾಳೆಗೆ ಹೇಳಿ ಬರೆಸಿದಂತಿರಲಿಲ್ಲ. ಸಾಮಾನ್ಯ ಭೇದಿಯಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆದರೆ ನಿರಂತರ ನೀರಿನ ವಾರ್ಡುಗಳಲ್ಲಿ ಟೈಫಾಯಿಡ್ ಕಡಿಮೆ ಇತ್ತು, ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆ ಇತ್ತು. ಇಂಥ ಅರೆಬರೆ ಫಲಿತಾಂಶವನ್ನು ಇದ್ದಹಾಗೆ ಹೇಳಿದ್ದಕ್ಕೇ ನನಗೆ ಆ ಅಧ್ಯಯನದ ಮೇಲೆ ಗೌರವ. ನೀರಿನ ಯೋಜನೆಯ ಭಾಷಣಗಳಲ್ಲಿ ಅದರ ಹೆಸರು ಕೇಳಿದ್ದು ಕಡಿಮೆ.

ಹೆಪಟೈಟಿಸ್ ಎ ಮತ್ತು ಇ ಬಂದವರಲ್ಲಿ ಬಹುತೇಕರು ಏನೂ ಔಷಧ ಇಲ್ಲದೆ ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. (ಗರ್ಭಿಣಿಯರಿಗೆ ಇ ಬಂದರೆ ಮಾತ್ರ ಜೀವಕ್ಕೆ ಕುತ್ತು, ಅವರನ್ನು ಒಂದು ದಿನವೂ ಮನೆಯಲ್ಲಿಟ್ಟು ಕಾಯಬಾರದು.) ತಾನಾಗಿ ಇಳಿಯುವ ಈ ಕಾಯಿಲೆಯ ಮೇಲೆ ಕಾಮಾಲೆ ಔಷಧ ಕೊಡುವ ಮನೆಗಳ ಕೀರ್ತಿ ನಿಂತಿದೆ. ಯಾರೋ ರಸ ಕುಡಿಸುತ್ತಾರೆ, ಯಾರೋ ಮೂಗಿಗೆ ಹನಿ ಬಿಡುತ್ತಾರೆ, ಕೆಲವರು ಮುಂಗೈಗೆ ಬರೆ ಎಳೆಯುತ್ತಾರೆ. ಮೂರು ವಾರಕ್ಕೆ ಕಣ್ಣು ಬೆಳ್ಳಗಾಗುತ್ತದೆ, ಹೆಸರು ಅವರಿಗೆ ಹೋಗುತ್ತದೆ. ಅವರಲ್ಲಿ ಹೆಚ್ಚಿನವರು ದುಡ್ಡಿಗೂ ಆಸೆಪಟ್ಟವರಲ್ಲ, ಮೋಸಗಾರರೆಂದು ಕರೆಯುವುದು ಅನ್ಯಾಯ. ತೊಂದರೆ ಬರುವುದು ಕಣ್ಣು ಹಳದಿಯಾಗಲು ಬೇರೆ ಕಾರಣ ಇದ್ದಾಗ: ಪಿತ್ತನಾಳದಲ್ಲಿ ಕಲ್ಲು, ಮೇದೋಜೀರಕದ ಗಡ್ಡೆ, ಒಳಗೇ ಕೊಳೆಯುತ್ತಿರುವ ಹೆಪಟೈಟಿಸ್ ಬಿ. ಅಲ್ಲಿ ಮೂರು ವಾರ ಅನ್ನುವುದು ಬಹಳ ದೊಡ್ಡ ನಷ್ಟ. ಪಥ್ಯದ ವಿಷಯವೂ ಹೀಗೆಯೇ. ಎಣ್ಣೆ, ತುಪ್ಪ, ಬೇಳೆ ಎಲ್ಲ ಬಿಡಿಸಿ ಬರೀ ಗಂಜಿ, ಕಬ್ಬಿನ ಹಾಲಿನ ಮೇಲೆ ಇಡುತ್ತಾರೆ. ಸಿರೋಸಿಸ್ ಆದವರಿಗೆ, ಅಂದರೆ ಲಿವರ್ ಪೂರ್ತಿ ನಾರುಗಟ್ಟಿದವರಿಗೆ, ಇದು ಉಲ್ಟಾ ಪೆಟ್ಟು: ಅವರ ಸ್ನಾಯು ಕರಗುತ್ತಿರುತ್ತದೆ, ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕು, ರಾತ್ರಿ ಮಲಗುವ ಮುನ್ನ ಏನಾದರೂ ತಿನ್ನಬೇಕು ಎಂದು ಈಗಿನ ಸಂಶೋಧನೆ ಹೇಳುತ್ತದೆ.

ಹಾಗೆಂದು ಸೊಪ್ಪು-ಬೇರಿನ ಕಡೆ ವಿಜ್ಞಾನ ತಿರುಗಿಯೂ ನೋಡಲಿಲ್ಲ ಅನ್ನುವಂತಿಲ್ಲ. ಹೆಪಟೈಟಿಸ್ ಬಿ ವೈರಸ್ಸಿನ ಗುರುತನ್ನು 1960ರ ದಶಕದಲ್ಲಿ ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲೂಮ್‌ಬರ್ಗ್, ಮದ್ರಾಸಿನ ತ್ಯಾಗರಾಜನ್ ತಂಡದ ಜೊತೆ ನಮ್ಮ ನೆಲನೆಲ್ಲಿಯನ್ನೇ ಪರೀಕ್ಷೆಗೆ ಒಡ್ಡಿದರು. 1988ರಲ್ಲಿ ಲ್ಯಾನ್ಸೆಟ್ ಅದನ್ನು ಪ್ರಕಟಿಸಿತು: ನೆಲನೆಲ್ಲಿ ಪುಡಿ ತೆಗೆದುಕೊಂಡ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯ, ಹುಸಿ ಔಷಧ ತೆಗೆದುಕೊಂಡ 23ರಲ್ಲಿ ಒಬ್ಬರದು ಮಾತ್ರ. ಜಗತ್ತೇ ಕಣ್ಣರಳಿಸಿತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ಗಿಡದ ತಳಿ ಬೇರೆ, ಕಿತ್ತ ಋತು ಬೇರೆ ಎಂಬ ವಾದಗಳು ನಡೆದವು. ಕೊನೆಗೆ ವೈರಸ್ಸಿನ ಚಿಕಿತ್ಸೆಯ ಪಟ್ಟಿಯಲ್ಲಿ ನೆಲನೆಲ್ಲಿಗೆ ಜಾಗ ಸಿಗಲಿಲ್ಲ. ನೊಬೆಲ್ ಪಡೆದವರ ಹೆಸರಿದ್ದರೂ ಮರುಪರೀಕ್ಷೆಯಲ್ಲಿ ನಿಲ್ಲದ್ದನ್ನು ಬಿಟ್ಟುಬಿಡುವ ಈ ನಿಷ್ಠುರತೆಯೇ ನಮ್ಮ ‘ಲಿವರ್ ಟಾನಿಕ್’ ಮಾರುಕಟ್ಟೆಗೆ ಒಗ್ಗದ ಗುಣ.

ಬ್ಲೂಮ್‌ಬರ್ಗ್ ಅವರಿಂದ ಉಳಿದದ್ದು ಲಸಿಕೆ. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು, ಬೆಲೆ ನಮ್ಮವರ ಕೈಗೆಟಕದಷ್ಟು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶದಲ್ಲೇ ತಯಾರಿಸಿ ಅದರ ಸಣ್ಣದೊಂದು ಭಾಗದ ಬೆಲೆಗೆ ತಂದ ಮೇಲೆ ಸರ್ಕಾರಿ ಲಸಿಕೆ ಕಾರ್ಯಕ್ರಮಕ್ಕೆ ದಾರಿಯಾಯಿತು; 2011-12ರ ಹೊತ್ತಿಗೆ ದೇಶದ ಎಲ್ಲ ಮಕ್ಕಳಿಗೂ ವಿಸ್ತರಿಸಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ದೊಡ್ಡವರಿಗೆ ಈ ವೈರಸ್ಸು ತಗುಲಿದರೆ ನೂರಕ್ಕೆ ತೊಂಬತ್ತೈದು ಮಂದಿ ಅದನ್ನು ಹೊರದಬ್ಬುತ್ತಾರೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ ತಗುಲಿದರೆ ನೂರಕ್ಕೆ ತೊಂಬತ್ತು ಕೂಸುಗಳಲ್ಲಿ ಅದು ಜೀವನಪೂರ್ತಿ ಮನೆಮಾಡುತ್ತದೆ, ನಲವತ್ತರ ಹೊತ್ತಿಗೆ ಸಿರೋಸಿಸ್ಸೋ ಕ್ಯಾನ್ಸರೋ ಆಗಿ ಎದ್ದು ನಿಲ್ಲುತ್ತದೆ. ಆದ್ದರಿಂದ ಹುಟ್ಟಿದ 24 ಗಂಟೆಯೊಳಗಿನ ಚುಚ್ಚುಮದ್ದಿಗೆ ಉಳಿದ ಡೋಸುಗಳಿಗಿಂತ ತೂಕ ಹೆಚ್ಚು. ಹಸಿಕೂಸಿಗೆ ಸೂಜಿ ಯಾಕೆ ಎಂದು ಅಜ್ಜಿ ತಡೆದರೆ ಈ ಲೆಕ್ಕ ಹೇಳಬೇಕು.

ಹೆಪಟೈಟಿಸ್ ಸಿ ಕಥೆ ಇನ್ನೂ ಬೆರಗಿನದು. 1989ರವರೆಗೆ ಅದಕ್ಕೆ ಹೆಸರೇ ಇರಲಿಲ್ಲ; ‘ಎಯೂ ಅಲ್ಲದ, ಬಿಯೂ ಅಲ್ಲದ’ ಎಂದೇ ಕರೆಯುತ್ತಿದ್ದರು. ಅದನ್ನು ಹಿಡಿದುಕೊಟ್ಟ ಆಲ್ಟರ್, ಹಾಟನ್, ರೈಸ್ 2020ರಲ್ಲಿ ನೊಬೆಲ್ ಪಡೆದರು. ನಡುವೆ 2013ರ ಡಿಸೆಂಬರಿನಲ್ಲಿ ಸೊಫೊಸ್‌ಬುವಿರ್ ಬಂತು. ಅಮೆರಿಕದಲ್ಲಿ ಮಾತ್ರೆಯೊಂದಕ್ಕೆ 1,000 ಡಾಲರ್ ಇದ್ದದ್ದು, 2015ರಿಂದ ಭಾರತದ ಕಂಪನಿಗಳು ತಯಾರಿಸತೊಡಗಿದ ಮೇಲೆ ಇಡೀ 12 ವಾರದ ಕೋರ್ಸು ಸಾವಿರಗಳ ಲೆಕ್ಕಕ್ಕೆ ಇಳಿಯಿತು. ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ಪೂರ್ತಿ ಗುಣ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಮಾತ್ರೆಯೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಇಷ್ಟಾದರೂ 2022ರ ಅಂದಾಜಿನಂತೆ ಭಾರತದಲ್ಲಿ 2.98 ಕೋಟಿ ಜನರಲ್ಲಿ ಬಿ, 55 ಲಕ್ಷ ಜನರಲ್ಲಿ ಸಿ ವೈರಸ್ಸು ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಗತ್ತಿನಾದ್ಯಂತ ಬಿ ಇರುವವರಲ್ಲಿ ನೂರಕ್ಕೆ 13 ಮಂದಿಗೆ ಮಾತ್ರ ತಮಗಿದೆ ಎಂದು ಗೊತ್ತು. ಹಳೆಯ ಕಾಲದಲ್ಲಿ ರಕ್ತ ಏರಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು, ಕಂಡಕಂಡಲ್ಲಿ ಒಂದೇ ಸೂಜಿಯಿಂದ ಇಂಜೆಕ್ಷನ್ ಚುಚ್ಚಿಸಿಕೊಂಡವರು, ಹಚ್ಚೆ ಹಾಕಿಸಿಕೊಂಡವರು ಜೀವನದಲ್ಲಿ ಒಮ್ಮೆ ಎರಡೂ ಪರೀಕ್ಷೆ ಮಾಡಿಸಬೇಕು ಅನ್ನುವುದಕ್ಕೆ ಇನ್ನೊಂದು ನೊಬೆಲ್ ಬೇಕಾಗಿಲ್ಲ.

ಔಷಧವೇ ಲಿವರಿಗೆ ವಿಷವಾಗುವ ಅಧ್ಯಾಯದಲ್ಲಿ ಕರ್ನಾಟಕದ ಕೊಡುಗೆ ದೊಡ್ಡದು. ಸೇಂಟ್ ಜಾನ್ಸ್‌ನಲ್ಲಿ ದೇವರಭಾವಿ ಅವರ ತಂಡ 1997ರಿಂದ ಇಂಥ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ದಾಖಲಿಸುತ್ತ ಬಂತು. 2010ರಲ್ಲಿ ಪ್ರಕಟವಾದ ಮೊದಲ ದೊಡ್ಡ ವರದಿಯ 313 ರೋಗಿಗಳಲ್ಲಿ ಶೇಕಡ 58 ಮಂದಿಗೆ ಪೆಟ್ಟು ಕೊಟ್ಟದ್ದು ಕ್ಷಯದ ಮಾತ್ರೆಗಳು. ಒಟ್ಟು ರೋಗಿಗಳಲ್ಲಿ ಸತ್ತವರು ಶೇಕಡ 17. ಆಮೇಲೆ ದೇಶದ ಹಲವು ಆಸ್ಪತ್ರೆಗಳು ಸೇರಿ 1,288 ರೋಗಿಗಳ ಲೆಕ್ಕ ತೆಗೆದಾಗಲೂ ಅರ್ಧದ ಹತ್ತಿರ ಕ್ಷಯದ ಔಷಧಗಳೇ, ಎರಡನೆಯ ಸ್ಥಾನದಲ್ಲಿ ನಾಟಿ ಮತ್ತು ಗಿಡಮೂಲಿಕೆ ಔಷಧಗಳು. ಇದನ್ನು ಓದಿ ಕ್ಷಯದ ಮಾತ್ರೆ ಬಿಡುವವರಿದ್ದರೆ ಅವರಿಗೆ ಕ್ಷಯವೇ ಮುಳುವಾದೀತು. ವರದಿ ಹೇಳುವುದಿಷ್ಟು: ಆ ಮಾತ್ರೆ ನುಂಗುವಾಗ ವಾಕರಿಕೆ, ಹಸಿವು ಸತ್ತುಹೋಗುವುದು, ಗಾಢ ಮೂತ್ರ ಕಂಡರೆ ಅಂದೇ ವೈದ್ಯರಿಗೆ ತಿಳಿಸಬೇಕು, ಕಣ್ಣು ಹಳದಿಯಾಗುವವರೆಗೆ ಕಾಯಬಾರದು. ಕೊರೋನಾ ಕಾಲದಲ್ಲಿ ಓಣಿಗೊಬ್ಬರು ಅಮೃತಬಳ್ಳಿ ಕಷಾಯ ಕುದಿಸಿದೆವಲ್ಲ, ಅದರ ಬಗ್ಗೆಯೂ ಮುಂಬಯಿಯ ವೈದ್ಯರು ಮೊದಲು ಸೊಲ್ಲೆತ್ತಿದರು, ಬಳಿಕ ದೇಶದ 13 ಕೇಂದ್ರಗಳು ಸೇರಿ 43 ರೋಗಿಗಳಲ್ಲಿ ಲಿವರ್ ಹಾನಿಯನ್ನು ವರದಿ ಮಾಡಿದವು. ದೇಹದ ರೋಗನಿರೋಧಕ ಶಕ್ತಿ ತನ್ನದೇ ಲಿವರಿನ ಮೇಲೆ ತಿರುಗಿಬೀಳುವ ಬಗೆಯ ಹಾನಿ ಅದು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಕೋಟಿ ಜನ ಕುಡಿದರೆ ಕೆಲವರಿಗೆ ಹೀಗಾಗುವುದು ಅಪರೂಪವೇ ಇರಬಹುದು. ಆದರೆ ಎಷ್ಟು ಅಪರೂಪ ಎಂದು ಎಣಿಸುವವರನ್ನೇ ಬೈಯುವುದು ನನಗೆ ಸರಿಕಾಣುವುದಿಲ್ಲ.

ಇಲಿ ಕೊಲ್ಲುವ ಪೇಸ್ಟಿನ ಮಾತನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ: ಹಳದಿ ರಂಜಕ ಇರುವ ಆ ಪೇಸ್ಟು ಮಗುವಿನ ಬಾಯಿಗೆ ಸ್ವಲ್ಪ ತಗುಲಿದರೂ, ಎರಡು ದಿನ ಮಗು ಆಡಿಕೊಂಡೇ ಇದ್ದರೂ, ತಕ್ಷಣ ದೊಡ್ಡಾಸ್ಪತ್ರೆಗೆ ಓಡಬೇಕು, ಲಿವರ್ ಕುಸಿಯುವುದು ಆಮೇಲೆ.

ವೈರಸ್ಸು ಹಿಂದೆ ಸರಿಯುತ್ತಿರುವಾಗ ಕೊಬ್ಬು ಮುಂದೆ ಬಂದಿದೆ. ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಏಮ್ಸ್ ವೈದ್ಯರು ತೆಗೆದ ಲೆಕ್ಕದಲ್ಲಿ ವಯಸ್ಕರಲ್ಲಿ ನೂರಕ್ಕೆ 38 ಮಂದಿಗೆ ಫ್ಯಾಟಿ ಲಿವರ್. ‘ನಾನು ತೆಳ್ಳಗಿದ್ದೇನೆ, ನನಗೇನು’ ಅನ್ನುವವರು ಪಶ್ಚಿಮ ಬಂಗಾಳದ ಬೀರಭೂಮದಲ್ಲಿ ನಡೆದ 2010ರ ಅಧ್ಯಯನ ನೋಡಬೇಕು. ಹೊಲದಲ್ಲಿ ದುಡಿಯುವ ಬಡ ಹಳ್ಳಿಗರಲ್ಲೂ ಸುಮಾರು ಶೇಕಡ 9 ಮಂದಿಗೆ ಅದಿತ್ತು, ಅವರಲ್ಲಿ ಮುಕ್ಕಾಲು ಭಾಗ ದಪ್ಪಗಿರಲಿಲ್ಲ. ಕುಡಿತದ್ದು ಹಳೆಯ ಪಾತ್ರ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಸಿರೋಸಿಸ್ ಆದ ಮೇಲೂ ಬಾಟಲಿ ಬಿಟ್ಟರೆ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೆ ಸಾಟಿಯಾದ ಮಾತ್ರೆ ಇನ್ನೂ ಬಂದಿಲ್ಲ, ಆದ್ದರಿಂದ ಡಿಮ್ಹಾನ್ಸ್‌ನಂಥ ಕಡೆಯ ವ್ಯಸನ ಚಿಕಿತ್ಸೆಯನ್ನೂ ಲಿವರ್ ಚಿಕಿತ್ಸೆ ಎಂದೇ ನಾನು ಎಣಿಸುತ್ತೇನೆ. ಸಕ್ಕರೆ ಕಾಯಿಲೆ, ಬೊಜ್ಜು, ಕುಡಿತ ಮೂರೂ ಕೂಡಿದ ಮನುಷ್ಯ ಈಗ ಹುಬ್ಬಳ್ಳಿಯ ಯಾವ ಆಸ್ಪತ್ರೆಯ ಒಪಿಡಿಯಲ್ಲೂ ಸಿಗುತ್ತಾನೆ.

ಕೊಬ್ಬು ಇದೆಯೇ ಎಂಬುದಕ್ಕಿಂತ ಲಿವರ್ ನಾರುಗಟ್ಟಿದೆಯೇ ಎಂಬುದು ಮುಖ್ಯ ಪ್ರಶ್ನೆ. ಕೊಬ್ಬಿರುವ ಬಹುಪಾಲು ಜನ ಲಿವರಿನಿಂದ ಸಾಯುವುದಿಲ್ಲ. ಗಾಯ ಒಣಗಿ ಒಣಗಿ ನಾರಾದವರಿಗೆ ಅಪಾಯ. ಅದನ್ನು ನೋಡಲು ದಶಕಗಳ ಕಾಲ ಇದ್ದ ಒಂದೇ ದಾರಿ ಬಯಾಪ್ಸಿ. ಸೂಜಿಗೆ ಸಿಗುವುದು ಲಿವರಿನ ಐವತ್ತು ಸಾವಿರದಲ್ಲಿ ಒಂದು ಭಾಗ, ಜೊತೆಗೆ ರಕ್ತಸ್ರಾವದ ಭಯ. 2003ರಲ್ಲಿ ಫ್ರಾನ್ಸಿನಿಂದ ಬಂದ ಫೈಬ್ರೋಸ್ಕ್ಯಾನ್ ಯಂತ್ರ ಪಕ್ಕೆಲುಬಿನ ಸಂದಿಯಿಂದ ಸಣ್ಣದೊಂದು ತಟ್ಟು ಕೊಟ್ಟು, ಆ ಅಲೆ ಒಳಗೆ ಎಷ್ಟು ವೇಗದಲ್ಲಿ ಹೋಯಿತು ಎಂದು ಅಳೆಯುತ್ತದೆ. ಲಿವರ್ ಗಟ್ಟಿಯಾದಷ್ಟೂ ಅಲೆ ಬೇಗ ಓಡುತ್ತದೆ. ಕಲ್ಲಂಗಡಿ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುವವರಿಗೆ ತತ್ವ ಅರ್ಥವಾಗುತ್ತದೆ. ಫಲಿತಾಂಶ ಕಿಲೋಪಾಸ್ಕಲ್ ಲೆಕ್ಕದಲ್ಲಿ: 8ಕ್ಕಿಂತ ಕಡಿಮೆಯಿದ್ದರೆ ಹೆಚ್ಚಿನವರಿಗೆ ನೆಮ್ಮದಿ. ನೋವಿಲ್ಲ, ಹತ್ತು ನಿಮಿಷ ಸಾಕು. ಆದರೆ ಯಂತ್ರ ದುಬಾರಿ, ತಾಲ್ಲೂಕು ಆಸ್ಪತ್ರೆಗೆ ಅದನ್ನು ತರುವ ಮಾತು ಸದ್ಯಕ್ಕೆ ದೂರ.

ತಾಲ್ಲೂಕಿಗೆ ಬೇಕಾದ್ದು ಬೇರೆಯೇ ಇದೆ, ಅದಕ್ಕೆ ಯಂತ್ರ ಬೇಡ. 2006ರಲ್ಲಿ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದ ರೋಗಿಗಳಿಗೆಂದು ರೂಪಿಸಿದ ಫಿಬ್-4 ಎಂಬ ಲೆಕ್ಕವೊಂದಿದೆ, ಈಗ ಫ್ಯಾಟಿ ಲಿವರಿನಲ್ಲೂ ಜಗತ್ತಿನಾದ್ಯಂತ ಮೊದಲ ಜರಡಿಯಾಗಿ ಬಳಸುತ್ತಾರೆ. ವಯಸ್ಸನ್ನು ಲಿವರ್ ರಕ್ತಪರೀಕ್ಷೆಯ ಎಸ್‌ಜಿಒಟಿಯಿಂದ ಗುಣಿಸಬೇಕು. ಬಂದದ್ದನ್ನು, ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವುಗಳ ಗುಣಲಬ್ಧದಿಂದ ಭಾಗಿಸಬೇಕು. 52 ವರ್ಷದ ಒಬ್ಬರನ್ನು ಊಹಿಸಿಕೊಳ್ಳೋಣ: ಎಸ್‌ಜಿಒಟಿ 68, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 1 ಲಕ್ಷ 40 ಸಾವಿರ, ಅಂದರೆ ಸಾವಿರದ ಲೆಕ್ಕದಲ್ಲಿ 140. ಮೇಲೆ 3,536, ಕೆಳಗೆ 140ನ್ನು 7ರಿಂದ ಗುಣಿಸಿದ 980. ಉತ್ತರ 3.6. 1.3ಕ್ಕಿಂತ ಕಡಿಮೆ ಬಂದರೆ ಸದ್ಯಕ್ಕೆ ಚಿಂತೆಯಿಲ್ಲ (65 ದಾಟಿದವರಿಗೆ 2ರವರೆಗೆ), 2.67 ದಾಟಿದರೆ ತಜ್ಞರ ಹತ್ತಿರ ಹೋಗಲೇಬೇಕು, ನಡುವಿನವರಿಗೆ ಫೈಬ್ರೋಸ್ಕ್ಯಾನ್. ನಾನು ಊಹಿಸಿದ ವ್ಯಕ್ತಿಯ ಒಂದೊಂದೇ ಅಂಕಿ ನೋಡಿದರೆ ‘ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ’ ಅಷ್ಟೆ. ಯಾರೂ ಗಾಬರಿ ಬೀಳುವಂಥದ್ದಲ್ಲ. ಸಕ್ಕರೆ ಕಾಯಿಲೆಗೆಂದು ಮಾಡಿಸಿದ ರಿಪೋರ್ಟು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಕೊಂಡು ಮನೆಗೆ ಹೋಗುತ್ತಾರೆ. 35ರೊಳಗಿನವರಿಗೆ ಈ ಲೆಕ್ಕ ನೆಚ್ಚುವಂತಿಲ್ಲ, ಜ್ವರ ಬಂದಾಗ ಪ್ಲೇಟ್‌ಲೆಟ್ ಇಳಿದಿದ್ದರೆ ತಪ್ಪು ತೋರಿಸುತ್ತದೆ. ಆದರೂ ಇಷ್ಟು ಅಗ್ಗದ ಜರಡಿ ಬೇರೆ ಇಲ್ಲ.

ಪತ್ತೆಯಾದ ಮೇಲೆ ಏನು ಎಂದು ಹತ್ತು ವರ್ಷದ ಹಿಂದೆ ಕೇಳಿದ್ದರೆ ವೈದ್ಯರು ತೂಕ ಇಳಿಸಿ ಎಂದಷ್ಟೇ ಹೇಳುತ್ತಿದ್ದರು. ಅದು ಇಂದಿಗೂ ಮೊದಲ ಔಷಧ. ಶೇಕಡ ಹತ್ತರಷ್ಟು ತೂಕ ಇಳಿದರೆ ನಾರು ಕರಗುವುದುಂಟು. 2024ರ ಮಾರ್ಚಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ರೆಸ್ಮೆಟಿರೋಮ್‌ಗೆ, 2025ರ ಆಗಸ್ಟಿನಲ್ಲಿ ಸೆಮಾಗ್ಲುಟೈಡ್‌ಗೆ ಈ ಕಾಯಿಲೆಗಾಗಿ ಒಪ್ಪಿಗೆ ಕೊಟ್ಟಿತು. ಎರಡೂ ನಾರುಗಟ್ಟಿದ, ಆದರೆ ಸಿರೋಸಿಸ್ ಮುಟ್ಟದವರಿಗೆ. ಅಂದರೆ ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಬರುವ ರೋಗಿಗೆ ಈ ಹೊಸ ಬಾಗಿಲು ಆಗಲೇ ಮುಚ್ಚಿರುತ್ತದೆ.

ಲಿವರಿಗೆ ವಿಷ ನಮ್ಮ ಕಾಳಿನಿಂದಲೂ ಬರುತ್ತದೆ. ಬೈರಿದೇವರಕೊಪ್ಪದಿಂದ ಕೂಗಳತೆಯಲ್ಲಿ ಅಮರಗೋಳದ ಎಪಿಎಂಸಿ ಇದೆ. ಅಲ್ಲಿಗೆ ಬರುವ ಶೇಂಗಾ, ಗೋವಿನಜೋಳ, ಮೆಣಸಿನಕಾಯಿ ತೇವದಲ್ಲಿ ಕೂತರೆ ಹಿಡಿಯುವ ಬೂಸು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1974ರಲ್ಲಿ ಗುಜರಾತ್-ರಾಜಸ್ಥಾನದ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಬೂಸು ಹಿಡಿದ ಗೋವಿನಜೋಳ ತಿಂದು 397 ಮಂದಿ ಕಾಮಾಲೆ ಬಿದ್ದರು, 106 ಮಂದಿ ಸತ್ತರು. ಸ್ವಲ್ಪಸ್ವಲ್ಪವೇ ವರ್ಷಗಟ್ಟಲೆ ತಿಂದರೆ ಲಿವರ್ ಕ್ಯಾನ್ಸರ್. ಜೊತೆಗೆ ಹೆಪಟೈಟಿಸ್ ಬಿ ಇದ್ದರೆ ಅಪಾಯ ಹಲವು ಪಟ್ಟು. ಕೆಟ್ಟ ಕಾಳನ್ನು ಆರಿಸಿ ಒಗೆಯುವ ಬದಲು ಎಣ್ಣೆಗೆ ಹಾಕುವುದು, ಹಿಂಡಿಯನ್ನು ಎಮ್ಮೆಗೆ ತಿನ್ನಿಸುವುದು ಎಂದರೆ ವಿಷವನ್ನು ಹಾಲಿಗೆ ದಾಟಿಸುವುದು.

ಸಿರೋಸಿಸ್ ಇರುವವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದರೆ ಕ್ಯಾನ್ಸರ್ ಗಡ್ಡೆ ಒಂದೆರಡು ಸೆಂಟಿಮೀಟರ್ ಇದ್ದಾಗಲೇ ಸಿಗುತ್ತದೆ, ಸುಟ್ಟು ಅಥವಾ ಕೊಯ್ದು ತೆಗೆಯಬಹುದು. ತಡವಾದವರಿಗೆ 2007-08ರಲ್ಲಿ ಬಂದ ಸೊರಾಫೆನಿಬ್ ಮಾತ್ರೆ ಮೂರು ತಿಂಗಳ ಆಯುಷ್ಯ ಹೆಚ್ಚಿಸಿತು. ಆಗ ತಿಂಗಳ ಖರ್ಚು 2.8 ಲಕ್ಷ ರೂಪಾಯಿ ಇತ್ತು. 2012ರ ಮಾರ್ಚಿನಲ್ಲಿ ಭಾರತ ತನ್ನ ಮೊಟ್ಟಮೊದಲ ಕಡ್ಡಾಯ ಲೈಸೆನ್ಸನ್ನು (ಪೇಟೆಂಟ್ ಇದ್ದರೂ ಬೇರೆ ಕಂಪನಿಗೆ ತಯಾರಿಸಲು ಬಿಡುವ ಪರವಾನಗಿ) ಈ ಮಾತ್ರೆಯ ಮೇಲೆಯೇ ಕೊಟ್ಟು, 8,800 ರೂಪಾಯಿಗೆ ಇಳಿಸಿತು. ಈಗ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಚುಚ್ಚುಮದ್ದುಗಳು ಮೊದಲ ಸಾಲಿಗೆ ಬಂದಿವೆ, ಬೆಲೆಯ ಜಗಳ ಮತ್ತೆ ಮೊದಲಿನಿಂದ ಶುರುವಾಗಿದೆ.

ಕೊನೆಯ ದಾರಿ ಕಸಿ. ಡೆನ್ವರಿನಲ್ಲಿ ಥಾಮಸ್ ಸ್ಟಾರ್ಜಲ್ 1963ರಲ್ಲಿ ಮಾಡಿದ ಮೊದಲ ಪ್ರಯತ್ನ ಸೋತಿತು, 1967ರಲ್ಲಿ ರೋಗಿ ಒಂದು ವರ್ಷ ದಾಟಿದರು. ನಮ್ಮಲ್ಲಿ ಅಂಗ ಕಸಿಯ ಕಾಯ್ದೆ ಬಂದದ್ದು 1994ರಲ್ಲಿ, ಮೊದಲ ಯಶಸ್ವಿ ಲಿವರ್ ಕಸಿ 1998ರಲ್ಲಿ ದಿಲ್ಲಿಯಲ್ಲಿ. ಅಂದು ಅಪ್ಪನ ಲಿವರಿನ ತುಣುಕು ಪಡೆದ ಎರಡು ವರ್ಷ ತುಂಬದ ಕೂಸು ಬೆಳೆದು ವೈದ್ಯನಾದ. ರಾಜ್ಯದಲ್ಲಿ ಮಿದುಳು ನಿಷ್ಕ್ರಿಯವಾದವರ ಅಂಗಗಳನ್ನು ಹಂಚುವ ಕೆಲಸ ‘ಜೀವಸಾರ್ಥಕತೆ’ಯದು. ಬದುಕಿರುವವರು ಕೊಡುವ ಲಿವರಿನಲ್ಲಿ ಒಂದು ಮಾತು ಸಂಶೋಧನಾ ಪ್ರಬಂಧಗಳಲ್ಲಿ ಮೆಲ್ಲಗೆ ಬರುತ್ತದೆ, ನಾನು ಜೋರಾಗಿ ಹೇಳುತ್ತೇನೆ: ಪಡೆಯುವವರಲ್ಲಿ ಗಂಡಸರು ಹೆಚ್ಚು, ಕೊಡುವವರಲ್ಲಿ ಹೆಂಡತಿ, ಮಗಳು, ತಾಯಿ ಹೆಚ್ಚು. ಕತ್ತರಿಸಿದ ಭಾಗ ಕೆಲವು ತಿಂಗಳಲ್ಲಿ ಬೆಳೆಯುತ್ತದೆ ಎಂಬ ಸಮಾಧಾನ ಇದಕ್ಕೆ ಉತ್ತರವಾಗದು. ಹುಬ್ಬಳ್ಳಿಯ ರೋಗಿಗೆ ಇದರ ಮೇಲೆ ಬೆಂಗಳೂರಿನ ನಾನೂರು ಕಿಲೋಮೀಟರ್, ಅಲ್ಲಿ ತಿಂಗಳುಗಟ್ಟಲೆ ಬಾಡಿಗೆ ಕೋಣೆ, ಜೀವನಪೂರ್ತಿ ಮಾತ್ರೆ.

2021ರಲ್ಲಿ ಕೇಂದ್ರ ಸರ್ಕಾರ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರುಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು. 30 ದಾಟಿದವರಿಗೆ ಬಿಪಿ, ಶುಗರ್ ನೋಡುವ ಆಶಾ ಕಾರ್ಯಕರ್ತೆಯೂ ಪ್ರಾಥಮಿಕ ಆರೋಗ್ಯ ಕೇಂದ್ರವೂ ಈಗಾಗಲೇ ಇವೆ. ಲ್ಯಾಬಿನ ಕಂಪ್ಯೂಟರಿಗೆ ಫಿಬ್-4 ಸೂತ್ರ ಹಾಕಿ ರಿಪೋರ್ಟಿನ ಕೆಳಗೆ ಒಂದು ಸಾಲು ಮುದ್ರಿಸಲು ಹೆಚ್ಚುವರಿ ರಕ್ತ ಬೇಡ, ಹೆಚ್ಚುವರಿ ದುಡ್ಡೂ ಬೇಡ. 3.6 ಬಂದವರಿಗೆ ಫೋನು ಮಾಡಿ ಕರೆಯುವವರು ಯಾರು ಎಂದು ಮೊದಲೇ ಗೊತ್ತುಮಾಡಬೇಕು, ಇಲ್ಲದಿದ್ದರೆ ಆ ಸಾಲೂ ಪ್ಲಾಸ್ಟಿಕ್ ಚೀಲ ಸೇರುತ್ತದೆ. ಇನ್ನೊಂದು ಸಣ್ಣ ತೊಡಕು: ಎಷ್ಟೋ ಲ್ಯಾಬುಗಳ ಅಗ್ಗದ ಪ್ಯಾಕೇಜಿನಲ್ಲಿ ಎಸ್‌ಜಿಪಿಟಿ ಇರುತ್ತದೆ, ಎಸ್‌ಜಿಒಟಿ ಇರುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಮುಂದಿನ ಸಲ ರಕ್ತ ಕೊಡಲು ಹೋದಾಗ ಚೀಟಿಯಲ್ಲಿ ಅದನ್ನೂ, ಪ್ಲೇಟ್‌ಲೆಟ್ಟನ್ನೂ ಬರೆಸಿಕೊಂಡು ಹೋಗಲಿ.